ದುಡಿಮೆಯ ಜೊತೆಗೆ ಹಾಡು: ಕನ್ನಡ ಗೀತರಚನೆಯ ಬಲ ಎಲ್ಲಿಂದ ಬಂತು?

ಕನ್ನಡಿಗರು ಮದುವೆಯ ಮನೆಯಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ರಾಜ್ಯೋತ್ಸವದ ವೇದಿಕೆಯಲ್ಲಿ ತಲೆಮಾರುಗಳಿಂದ ಹಾಡಿಕೊಂಡು ಬಂದಿರುವ ಗೀತೆಗಳನ್ನು ಬರೆದವರ ವೃತ್ತಿಗಳನ್ನು ಒಂದೆಡೆ ಇಟ್ಟು ನೋಡಿದರೆ, ಅಲ್ಲಿ ವಕೀಲರು, ಶಾಲಾ ಮಾಸ್ತರರು, ಕಚೇರಿಯ ಗುಮಾಸ್ತರು, ಭೂವಿಜ್ಞಾನದ ಅಧ್ಯಾಪಕರು, ಔಷಧ ಕಂಪನಿಯ ರಸಾಯನ ತಜ್ಞರು, ಕಾರ್ಮಿಕ ಸಂಘಟಕರು ಕಾಣಿಸುತ್ತಾರೆಯೇ ಹೊರತು ಹಾಡು ಬರೆಯುವುದನ್ನೇ ಜೀವನೋಪಾಯ ಮಾಡಿಕೊಂಡವರು ತೀರ ವಿರಳ. ಚಲನಚಿತ್ರರಂಗದಲ್ಲಿ ಗೀತರಚನೆ ಪೂರ್ಣಾವಧಿ ವೃತ್ತಿಯಾಗಿ ಬೆಳೆದಿದೆ, ನಿಜ. ಆದರೆ ಒಂದೇ ಭಾವವನ್ನು ಕೇಂದ್ರದಲ್ಲಿಟ್ಟುಕೊಂಡು ಹಾಡಲು ಒಗ್ಗುವಂತೆ ಬರೆದ ಕಿರುಗವಿತೆಯಾದ ಭಾವಗೀತೆಯೂ, ಅಂಥ ಕವಿತೆಗಳಿಗೆ ರಾಗ ಹಾಕಿ ಹಾಡುವ ಸುಗಮ ಸಂಗೀತವೂ ಬೇರೆ ಉದ್ಯೋಗದಲ್ಲಿದ್ದವರ ಕೈಯಲ್ಲೇ ಹುಟ್ಟಿ ಬೆಳೆದವು. ಇದನ್ನು ಕೇವಲ ಬಡತನದ ಅಥವಾ ಅನಿವಾರ್ಯತೆಯ ಕಥೆಯೆಂದು ಓದುವುದು ವಾಡಿಕೆಯಾಗಿದ್ದರೂ, ಸ್ವಲ್ಪ ನಿಧಾನವಾಗಿ ನೋಡಿದಾಗ ಆ ಇನ್ನೊಂದು ದುಡಿಮೆಯೇ ಕನ್ನಡದ ಹಾಡಿಗೆ ಅದರ ನುಡಿಗಟ್ಟನ್ನೂ ಸ್ವಾತಂತ್ರ್ಯವನ್ನೂ ಒದಗಿಸಿತೆಂಬುದು ಸ್ಪಷ್ಟವಾಗುತ್ತದೆ.

ಆಸ್ಥಾನ, ಅಂಗಳ ಮತ್ತು ಕಚೇರಿ

ಹಾಡು ಕಟ್ಟುವವರಿಗೆ ಹಿಂದೆ ಎರಡು ನೆಲೆಗಳಿದ್ದವು. ಒಂದು ಅರಮನೆಯ ಆಸ್ಥಾನ. ಮೈಸೂರು ಸಂಸ್ಥಾನದ ನಾಡಗೀತೆಯನ್ನು ರಚಿಸಿದ ಬಸವಪ್ಪ ಶಾಸ್ತ್ರಿಗಳು ಅಂಥ ಆಸ್ಥಾನ ಕವಿಗಳಾಗಿದ್ದರು. ಇನ್ನೊಂದು ದುಡಿಯುವ ಜನರ ಅಂಗಳ. ರಾಗಿ ಬೀಸುವಾಗ, ಭತ್ತ ಕುಟ್ಟುವಾಗ, ನಾಟಿ ಹಾಕುವಾಗ ಹೆಂಗಸರು ಹಾಡಿದ ತ್ರಿಪದಿಗಳಲ್ಲಿ ಕೆಲಸದ ಲಯವೇ ಹಾಡಿನ ಲಯವಾಗಿತ್ತು ಮತ್ತು ಹಾಡು ಕಟ್ಟುವುದಕ್ಕೆ ಬೇರೆ ಹೊತ್ತು ಬೇಕಾಗಿರಲಿಲ್ಲ. ‘ಹಲಸಂಗಿ ಗೆಳೆಯರು’ ಎಂಬ ಬಳಗದವರು ಬಿಜಾಪುರ ಸೀಮೆಯಲ್ಲಿ ಇಂಥ ಪದಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವಾಗಿ ಹೊರತಂದಾಗ, ಹೆಸರಿಲ್ಲದ ಆ ಹಾಡುಗಾರ್ತಿಯರ ಕವಿತ್ವ ಎಷ್ಟು ಎತ್ತರದ್ದೆಂಬುದು ವಿದ್ಯಾವಂತ ಸಮಾಜದ ಅರಿವಿಗೆ ಬಂತು. ಶಿಶುನಾಳ ಶರೀಫರೂ (1819–1889) ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿದವರೇ. ಅವರ ತತ್ವಪದಗಳಲ್ಲಿ ಬರುವ ಗಿರಣಿ, ಸೋರುವ ಮನೆ, ಕೋಳಿ, ಕೊಡ ಎಲ್ಲವೂ ಸುತ್ತಲಿನ ಬಾಳುವೆಯಿಂದ ನೇರವಾಗಿ ಬಂದವು.

ಇಪ್ಪತ್ತನೆಯ ಶತಮಾನದಲ್ಲಿ ಶಾಲೆ, ನ್ಯಾಯಾಲಯ, ಸರ್ಕಾರಿ ಕಚೇರಿಗಳು ಹರಡಿದಂತೆ ಮೂರನೆಯ ನೆಲೆಯೊಂದು ಮೂಡಿತು: ತಿಂಗಳ ಸಂಬಳದ ಅಥವಾ ಸ್ವಂತ ವೃತ್ತಿಯ ಆಸರೆಯಲ್ಲಿ ಬದುಕುತ್ತ ಉಳಿದ ಹೊತ್ತಿನಲ್ಲಿ ಬರೆಯುವವರ ನೆಲೆ. ಗದಗಿನಲ್ಲಿ ವಕೀಲಿ ವೃತ್ತಿ ನಡೆಸುತ್ತಿದ್ದ ಹುಯಿಲಗೋಳ ನಾರಾಯಣರಾಯರು (1884–1971) ಬರೆದ ನಾಡಿನ ಉದಯದ ಗೀತೆಯನ್ನು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಲಾಯಿತು. ಮುಂದೆ ಅದು ಕರ್ನಾಟಕ ಏಕೀಕರಣ ಚಳವಳಿಯ ದನಿಯೇ ಆಯಿತು. ಪಂಜೆ ಮಂಗೇಶರಾಯರನ್ನು (1874–1937) ಮಡಿಕೇರಿಗೆ ಒಯ್ದದ್ದು ಶಿಕ್ಷಣ ಇಲಾಖೆಯ ನೌಕರಿ. ಆ ನೌಕರಿಯಿಲ್ಲದೆ ಹೋಗಿದ್ದರೆ ಕೊಡಗಿನ ಸೊಬಗನ್ನೂ ಶೌರ್ಯವನ್ನೂ ಕನ್ನಡದಲ್ಲಿ ಮೊಳಗಿಸಿದ ‘ಹುತ್ತರಿ ಹಾಡು’ ಹುಟ್ಟುತ್ತಿತ್ತೆಂದು ಹೇಳುವುದು ಕಷ್ಟ. ಮೇಲುಕೋಟೆಯ ಪು.ತಿ. ನರಸಿಂಹಾಚಾರ್ಯರು (1905–1998) ಮೈಸೂರು ಸಂಸ್ಥಾನದ ಸೇನಾ ಕಚೇರಿಯಲ್ಲಿ ಕಡತಗಳ ನಡುವೆ ವರ್ಷಗಳನ್ನು ಕಳೆಯುತ್ತಲೇ, ಮಾತಿಗಿಂತ ಹಾಡಿನ ಮೂಲಕವೇ ಕಥೆ ಸಾಗುವ ‘ಗೋಕುಲ ನಿರ್ಗಮನ’ದಂಥ ಗೀತನಾಟಕಗಳನ್ನು ರಚಿಸಿದರು. ಈ ಮೂವರಲ್ಲಿ ಯಾರೂ ಹಾಡನ್ನು ಬಿಡುವಿನ ಹವ್ಯಾಸವೆಂದು ಹಗುರವಾಗಿ ಕಂಡವರಲ್ಲ. ಅವರಿಗೆ ವೃತ್ತಿಯೂ ಗೀತರಚನೆಯೂ ಸಮನಾದ ಶ್ರದ್ಧೆಯನ್ನು ಬೇಡುವ ಎರಡು ಹೊಣೆಗಳಾಗಿದ್ದವು.

ಗುಮಾಸ್ತನ ಮಲ್ಲಿಗೆ

ಈ ಪರಂಪರೆಯ ಅತ್ಯಂತ ಪೂರ್ಣ ಉದಾಹರಣೆ ಕೆ.ಎಸ್. ನರಸಿಂಹಸ್ವಾಮಿಯವರದು. ಮಂಡ್ಯ ಜಿಲ್ಲೆಯ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಅವರು ಕಾಲೇಜು ವ್ಯಾಸಂಗವನ್ನು ಪೂರ್ಣಗೊಳಿಸಲಾಗದೆ ಸರ್ಕಾರಿ ಗುಮಾಸ್ತರಾಗಿ ನೌಕರಿಗೆ ಸೇರಿ, ಹಲವು ಕಚೇರಿಗಳಲ್ಲಿ ದುಡಿದು 1970ರಲ್ಲಿ ನಿವೃತ್ತರಾದರು. ಮೊದಲ ಸಂಕಲನ ‘ಮೈಸೂರು ಮಲ್ಲಿಗೆ’ 1942ರಲ್ಲಿ ಪ್ರಕಟವಾದಾಗ ಅವರಿನ್ನೂ ಕಚೇರಿಯ ಕೆಳಮೆಟ್ಟಿಲಿನಲ್ಲಿದ್ದ ಯುವಕ. ಆ ಸಂಕಲನದ ಲೋಕದಲ್ಲಿ ರಾಜರಾಗಲಿ ಪುರಾಣಪುರುಷರಾಗಲಿ ಇಲ್ಲ. ಶಾನುಭೋಗರು, ಬಳೆಗಾರ, ಮಾವನ ಮನೆಗೆ ಬರುವ ಅಳಿಯ, ತವರಿನಲ್ಲಿ ಕಾಯುವ ಹೆಂಡತಿ, ಸಂಬಳದ ಮಿತಿಯೊಳಗೇ ಸುಖವನ್ನು ಕಂಡುಕೊಳ್ಳುವ ಗಂಡಹೆಂಡಿರು ಅಲ್ಲಿ ಇದ್ದಾರೆ. ತಾನು ಬದುಕುತ್ತಿದ್ದ ಕೆಳಮಧ್ಯಮ ವರ್ಗದ ದಾಂಪತ್ಯವನ್ನೇ ಕಾವ್ಯಕ್ಕೆ ತಕ್ಕ ವಸ್ತುವೆಂದು ನಂಬಿದ ಕವಿಗೆ ಆ ಭಾಷೆಯನ್ನು ಬೇರೆಲ್ಲಿಂದಲೂ ತರಬೇಕಾಗಲಿಲ್ಲವಾದ್ದರಿಂದ, ಓದುಗರಿಗೂ ಅದನ್ನು ಕಲಿಯಬೇಕಾಗಲಿಲ್ಲ. ಪುಸ್ತಕ ಮತ್ತೆ ಮತ್ತೆ ಮುದ್ರಣ ಕಂಡು ಮದುವೆಯ ಉಡುಗೊರೆಯಾಗಿ ಮನೆಮನೆಗೆ ಹೋದುದಕ್ಕೆ ಇದು ಮುಖ್ಯ ಕಾರಣ.

ಆದರೆ ನರಸಿಂಹಸ್ವಾಮಿಯವರ ಬಾಳು ತೋರಿಸುವ ಇನ್ನೂ ದೊಡ್ಡ ಸಂಗತಿಯೆಂದರೆ ಮೊದಲ ಯಶಸ್ಸಿನ ಬಳಿಕವೂ ಅವರು ಅಲ್ಲಿಯೇ ನಿಲ್ಲದೆ ಬೆಳೆದದ್ದು. ಕನ್ನಡ ಕಾವ್ಯದಲ್ಲಿ ನವ್ಯವೆಂಬ ಹೊಸ ಪಂಥದ ಗಾಳಿ ಬೀಸಿದಾಗ 1958ರ ‘ಶಿಲಾಲತೆ’ಯಲ್ಲಿ ಅವರ ದನಿ ಬೇರೆಯಾಯಿತು; ನಿವೃತ್ತಿಯ ನಂತರ ಬಂದ ‘ತೆರೆದ ಬಾಗಿಲು’ 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು; ಮೊದಲ ಸಂಕಲನ ಬಂದು ಅರ್ಧ ಶತಮಾನ ಕಳೆಯುವ ಹೊತ್ತಿಗೆ ಅದರ ಕವಿತೆಗಳನ್ನು ಆಧರಿಸಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಮೈಸೂರು ಮಲ್ಲಿಗೆ’ ಚಿತ್ರದ ಸಾಹಿತ್ಯಕ್ಕಾಗಿ ರಾಷ್ಟ್ರಪ್ರಶಸ್ತಿಯೂ ಬಂತು. 2003ರಲ್ಲಿ ಅವರು ತೀರಿಕೊಳ್ಳುವವರೆಗಿನ ಆರು ದಶಕಗಳ ಈ ಬರವಣಿಗೆಯಲ್ಲಿ, ಹಾಡು ಸಂಬಳಕ್ಕಾಗಿ ಕಾಯಬೇಕಾಗಿರಲಿಲ್ಲ, ಸಂಬಳ ಹಾಡಿಗಾಗಿ ಕಾಯಬೇಕಾಗಿರಲಿಲ್ಲ. ತಾನು ಜನಪ್ರಿಯನಾದ ಶೈಲಿಯನ್ನು ಬಿಟ್ಟು ಹೊಸ ಶೈಲಿಯನ್ನು ಪ್ರಯೋಗಿಸುವ ಧೈರ್ಯ ಅವರಿಗೆ ಸಾಧ್ಯವಾದದ್ದರಲ್ಲಿ ಅವರ ಪ್ರತಿಭೆಯ ಜೊತೆಗೆ ಈ ಸ್ವಾತಂತ್ರ್ಯದ ಪಾಲೂ ಇದೆ.

ರಾಗ ಹಾಕಿದವರೂ ಹಾಡಿದವರೂ

ಹಾಡೆಂಬುದು ಬರೆದವನೊಬ್ಬನ ಕೃತಿಯಲ್ಲ. ಕವಿತೆಗೆ ರಾಗ ಕೂಡಿಸಿ ಅದರ ನಡೆಯನ್ನು ನಿರ್ಧರಿಸುವ ರಾಗಸಂಯೋಜಕ, ಅದನ್ನು ಕಂಠದಲ್ಲಿ ಹೊತ್ತು ಜನರ ನಡುವೆ ಒಯ್ಯುವ ಗಾಯಕ, ಅದನ್ನು ದೂರಕ್ಕೆ ಮುಟ್ಟಿಸುವ ಮಾಧ್ಯಮ ಇವೆಲ್ಲ ಸೇರಿದಾಗಲೇ ಅದು ಹಾಡಾಗುತ್ತದೆ. ಕನ್ನಡದಲ್ಲಿ ಈ ಎಲ್ಲ ಸ್ಥಾನಗಳಲ್ಲೂ ಬೇರೆ ವೃತ್ತಿಯವರೇ ಇದ್ದರೆಂಬುದು ಗಮನಾರ್ಹ. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಅವರು ಕಟ್ಟಿದ ಆ ಕೇಂದ್ರವೇ ಮುಂದೆ ಆಕಾಶವಾಣಿಯಾಗಿ ಕನ್ನಡ ಭಾವಗೀತೆಗೆ ದೊಡ್ಡ ಆಸರೆಯಾಯಿತು. ನರಸಿಂಹಸ್ವಾಮಿಯವರ ಕವಿತೆಗಳಿಗೂ ಶರೀಫರ ಪದಗಳಿಗೂ ಅಳಿಯದ ರಾಗಗಳನ್ನು ಕೊಟ್ಟ ಸಿ. ಅಶ್ವಥ್ (1939–2009) ಬೆಂಗಳೂರಿನ ಐಟಿಐ ದೂರವಾಣಿ ಕಾರ್ಖಾನೆಯಲ್ಲಿ ದೀರ್ಘಕಾಲ ಉದ್ಯೋಗಿಯಾಗಿದ್ದರು. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರದ ಹಾಡಿಗಾಗಿ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗರಾದ ಶಿವಮೊಗ್ಗ ಸುಬ್ಬಣ್ಣ (1938–2022) ವೃತ್ತಿಯಿಂದ ವಕೀಲರು.

ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಹೆಸರಾದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದಾಗ ಅದರ ಕವಿ ಕೆ.ಎಸ್. ನಿಸಾರ್ ಅಹಮದ್ (1936–2020) ಸರ್ಕಾರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದರು. ಮೈಸೂರು ಅನಂತಸ್ವಾಮಿಯವರ ಸಂಯೋಜನೆಯ ಆ ಕ್ಯಾಸೆಟ್ ಕವಿತೆಯನ್ನು ಪುಸ್ತಕದ ಪುಟದಿಂದ ಅಡುಗೆಮನೆಗೂ ಬಸ್ಸಿಗೂ ತಂದಿತು. ಬಂಡೆ, ಅದಿರು, ಕಣಿವೆಗಳ ರಚನೆಯನ್ನು ತರಗತಿಯಲ್ಲಿ ವಿವರಿಸುವ ಅಧ್ಯಾಪಕರೇ ನಾಡಿನ ಜಲಪಾತ, ನದಿ, ಕಾಡುಗಳನ್ನು ಹಾಡಾಗಿಸಿದಾಗ, ನೆಲವನ್ನು ಹತ್ತಿರದಿಂದ ಬಲ್ಲವರ ಒಲವು ಆ ವರ್ಣನೆಗೆ ತೂಕ ಕೊಟ್ಟಿತು.

ಈ ಕ್ರಮ ಹೊಸ ಶತಮಾನದಲ್ಲೂ ಮುಂದುವರಿದಿದೆ. ಗೋಕರ್ಣದ ಜಯಂತ ಕಾಯ್ಕಿಣಿ ಜೀವರಸಾಯನಶಾಸ್ತ್ರ ಓದಿ ಮುಂಬಯಿಯ ಔಷಧ ಉದ್ಯಮದಲ್ಲಿ ಅನೇಕ ವರ್ಷ ಕೆಲಸ ಮಾಡಿದವರು. 2006ರ ಕೊನೆಯಲ್ಲಿ ತೆರೆಕಂಡ ‘ಮುಂಗಾರು ಮಳೆ’ಯ ಅವರ ಗೀತೆಗಳು ಚಿತ್ರಗೀತೆಯ ಭಾಷೆಗೆ ಹೊಸ ತಿರುವು ಕೊಟ್ಟವು. ಆ ಗೀತೆಗಳಿಗೆ ಸಂಗೀತ ನೀಡಿದ ಮನೋಮೂರ್ತಿ ಅಮೆರಿಕದಲ್ಲಿ ನೆಲೆಸಿ ತಂತ್ರಜ್ಞಾನ ಉದ್ಯಮದಲ್ಲಿ ತೊಡಗಿದ್ದ ಕನ್ನಡಿಗರು. ಮಹಾನಗರದ ಲೋಕಲ್ ರೈಲು, ಚಾಳು, ಆಸ್ಪತ್ರೆ, ಕಾರ್ಖಾನೆಗಳನ್ನು ವರ್ಷಗಟ್ಟಲೆ ನೋಡಿದ ಕಣ್ಣು ಪ್ರೇಮಗೀತೆಯನ್ನು ಬರೆಯುವಾಗಲೂ ಸವೆದ ಉಪಮೆಗಳಿಗೆ ಕೈಚಾಚುವುದಿಲ್ಲವೆಂಬುದಕ್ಕೆ ಕಾಯ್ಕಿಣಿಯವರ ರಚನೆಗಳು ಸಾಕ್ಷಿ.

ಹಾಡಿನ ಮೈಕಟ್ಟು

ಕಾದಂಬರಿಗೆ ತಿಂಗಳುಗಳ ಎಡೆಬಿಡದ ಬಿಡುವು ಬೇಕು; ಹಾಡಿನ ಸ್ವಭಾವ ಬೇರೆ. ಸಾಮಾನ್ಯವಾಗಿ ಅದಕ್ಕೊಂದು ಪಲ್ಲವಿ, ಅಂದರೆ ಮರಳಿ ಮರಳಿ ಬರುವ ಮೊದಲ ಸಾಲುಗಳು. ಅದನ್ನು ಬೆಳೆಸುವ ಎರಡು ಮೂರು ಚರಣಗಳು. ಈ ಚಿಕ್ಕ ಮೈಕಟ್ಟನ್ನು ಕಾಗದವಿಲ್ಲದೆಯೂ ಮನಸ್ಸಿನಲ್ಲಿ ಹೊತ್ತು ತಿರುಗಬಹುದಾದ್ದರಿಂದ, ಕಚೇರಿಗೆ ನಡೆದು ಹೋಗುವಾಗ, ಬಸ್ಸಿನಲ್ಲಿ ಕುಳಿತಾಗ, ಮನೆಗೆಲಸದ ನಡುವೆ ಒಂದು ಸಾಲನ್ನು ಹತ್ತಾರು ಸಲ ಗುನುಗಿ ತಿದ್ದಬಹುದು. ಗುನುಗಿದಾಗ ನೆನಪಿನಲ್ಲಿ ಉಳಿಯದ ಸಾಲು ಕೇಳುವವರ ನೆನಪಿನಲ್ಲೂ ಉಳಿಯದೆಂಬ ಪರೀಕ್ಷೆಯೂ ಅಲ್ಲೇ ನಡೆದುಹೋಗುತ್ತದೆ.

ಹಾಗೆಂದು ಇದು ಸುಲಭದ ಕಲೆಯಲ್ಲ. ಕನ್ನಡದ ಹಾಡು ನಿಂತಿರುವುದು ಮಾತ್ರೆಗಳ ಲೆಕ್ಕದ ಮೇಲೆ. ಹ್ರಸ್ವಾಕ್ಷರಕ್ಕೆ ಅಂದರೆ ಲಘುವಿಗೆ ಒಂದು ಮಾತ್ರೆ. ದೀರ್ಘಾಕ್ಷರಕ್ಕೆ ಹಾಗೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಅಂದರೆ ಗುರುವಿಗೆ ಎರಡು. ಮೂರು, ನಾಲ್ಕು, ಐದು ಮಾತ್ರೆಗಳ ಗುಂಪುಗಳನ್ನು ಗಣಗಳೆನ್ನುತ್ತಾರೆ. ಸಂಗೀತದಲ್ಲಿ ಇವೇ ತಿಶ್ರ, ಚತುರಶ್ರ, ಖಂಡ ನಡೆಗಳಿಗೆ ಹೊಂದುತ್ತವೆ, ಮೂರು ನಾಲ್ಕು ಕೂಡಿದರೆ ಮಿಶ್ರ ನಡೆಯಾಗುತ್ತದೆ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು 1926ರ ‘ಇಂಗ್ಲಿಷ್ ಗೀತಗಳು’ ಅನುವಾದ ಸಂಕಲನದಲ್ಲಿ ಈ ಗಣಗಳನ್ನು ಹೊಸ ಬಗೆಯಲ್ಲಿ ಜೋಡಿಸಿ, ಪ್ರತಿ ಪಾದದ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಬೇಕೆಂಬ ಆದಿಪ್ರಾಸದ ಕಟ್ಟನ್ನು ಸಡಿಲಿಸಿದ ಮೇಲೆ ಆಧುನಿಕ ಭಾವಗೀತೆಗೆ ಬಗೆಬಗೆಯ ಲಯಗಳು ಒದಗಿದವು. ಮಾತ್ರೆ ಸರಿಯಿದ್ದರಷ್ಟೇ ಸಾಲದು. ರಾಗ ಏರುವ ಕಡೆ ಎಳೆಯಬಲ್ಲ ದೀರ್ಘಸ್ವರವಿದೆಯೇ, ತಾಳದ ಪೆಟ್ಟು ಬೀಳುವ ಕಡೆ ಅರ್ಥವುಳ್ಳ ಪದವಿದೆಯೇ, ಉಸಿರು ತೆಗೆಯುವ ಕಡೆ ವಾಕ್ಯ ಮುರಿಯುತ್ತದೆಯೇ ಎಂಬುದನ್ನೂ ಗೀತಕಾರ ನೋಡಬೇಕು. ಹೊಸಗನ್ನಡದ ಪದಗಳು ಬಹುಮಟ್ಟಿಗೆ ಸ್ವರದಲ್ಲೇ ಕೊನೆಗೊಳ್ಳುವುದು ಹಾಡುವವರಿಗೆ ದೊಡ್ಡ ಅನುಕೂಲ.

ಬರೆಯುವ ಕ್ರಮಗಳು ಎರಡು. ಸುಗಮ ಸಂಗೀತದಲ್ಲಿ ಕವಿತೆ ಮೊದಲು, ರಾಗ ಆಮೇಲೆ. ಚಿತ್ರಗೀತೆಯಲ್ಲಿ ಹೆಚ್ಚಾಗಿ ಟ್ಯೂನ್ ಮೊದಲು, ಅದರ ಏರಿಳಿತದ ಅಳತೆಗೆ ಸಾಹಿತ್ಯ ಆಮೇಲೆ. ಮೊದಲನೆಯದು ಬರೆಯುವವರಿಗೆ ತಮ್ಮದೇ ವೇಗವನ್ನು ಉಳಿಸಿಕೊಡುವುದರಿಂದ ನೌಕರಿಯಲ್ಲಿರುವವರಿಗೆ ಸಹಜವಾಗಿ ಒಗ್ಗಿತು. ಎರಡನೆಯದರಲ್ಲಿ ಗಡುವು ಬಿಗಿಯಾಗಿದ್ದರೂ, ಇಂದು ಟ್ಯೂನ್ ಮೊಬೈಲಿಗೆ ಬಂದು ಸಾಲುಗಳು ಮೊಬೈಲಿನಲ್ಲೇ ಮರಳುವುದರಿಂದ ಊರು, ದೇಶಗಳ ದೂರ ಅಡ್ಡಿಯಾಗುವುದಿಲ್ಲ. ಎರಡೂ ಕ್ರಮಗಳಲ್ಲಿ ಪಳಗಿದ ಎಚ್.ಎಸ್. ವೆಂಕಟೇಶಮೂರ್ತಿಯವರು (1944–2025) ಕಾಲೇಜಿನಲ್ಲಿ ಕನ್ನಡ ಕಲಿಸುತ್ತಲೇ ನೂರಾರು ಭಾವಗೀತೆಗಳನ್ನೂ 1993ರ ‘ಚಿನ್ನಾರಿ ಮುತ್ತ’ ಚಿತ್ರದ ಮಕ್ಕಳ ಹಾಡುಗಳನ್ನೂ ಬರೆದರು.

ಎರಡು ಬಾಳಿನ ಬೆಲೆ

ಈ ಬಾಳುವೆಯಲ್ಲಿ ನಷ್ಟಗಳೂ ಇವೆ. ವರ್ಗಾವಣೆ, ಮೇಲಧಿಕಾರಿಯ ಒತ್ತಡ, ಸಂಸಾರದ ಹೊಣೆ, ದಿನದ ಕೊನೆಗೆ ಉಳಿಯುವ ದಣಿವು ಇವು ಎಷ್ಟು ಹಾಡುಗಳನ್ನು ಹುಟ್ಟುವ ಮೊದಲೇ ಅಳಿಸಿರಬಹುದೆಂಬುದಕ್ಕೆ ಲೆಕ್ಕವಿಲ್ಲ. ಹೆಣ್ಣುಮಕ್ಕಳ ಪಾಲಿಗಂತೂ ಈ ಬೆಲೆ ಇನ್ನೂ ಹೆಚ್ಚು. ಮನೆಯ ದುಡಿಮೆಗೆ ಸಂಬಳವೂ ಇಲ್ಲ, ನಿವೃತ್ತಿಯೂ ಇಲ್ಲ. ಹದಿನೆಂಟನೆಯ ಶತಮಾನದ ಹೆಳವನಕಟ್ಟೆ ಗಿರಿಯಮ್ಮ ಸಂಸಾರಕ್ಕೆ ಸಿಕ್ಕಿಕೊಳ್ಳದೆ ಭಕ್ತಿಯ ದಾರಿಯಲ್ಲಿ ಹಾಡುಗಬ್ಬಗಳನ್ನು ರಚಿಸಿದರು. ಚಳ್ಳಕೆರೆ ಸೀಮೆಯ ಬೆಳಗೆರೆ ಜಾನಕಮ್ಮ ಮನೆಗೆಲಸದ ನಡುವೆಯೇ ಕವಿತೆ ಕಟ್ಟಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಬೀಸುಕಲ್ಲಿನ ಮುಂದೆ ಸಾವಿರಾರು ತ್ರಿಪದಿಗಳನ್ನು ಕಟ್ಟಿದ ಹೆಂಗಸರ ಮೊಮ್ಮಗಳಂದಿರ ಹೆಸರುಗಳು ಮುದ್ರಿತ ಭಾವಗೀತೆಯ ಚರಿತ್ರೆಯಲ್ಲಿ ಇಷ್ಟು ಕಡಿಮೆಯಿರುವುದಕ್ಕೆ ಪ್ರತಿಭೆಯ ಕೊರತೆ ಕಾರಣವಲ್ಲ, ಬಿಡುವಿನ ಹಾಗೂ ಮನ್ನಣೆಯ ಕೊರತೆ ಕಾರಣ.

ಇನ್ನೊಂದು ಅಪಾಯ ಒಂಟಿತನ. ಸಂಗೀತಗಾರರ ಸಂಗವಿಲ್ಲದೆ ಬರೆದ ಹಾಡು ಕಾಗದದ ಮೇಲೆ ಚೆನ್ನಾಗಿದ್ದು ಕಂಠದಲ್ಲಿ ಸೋಲಬಹುದು. ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದ ದ.ರಾ. ಬೇಂದ್ರೆಯವರ (1896–1981) ಸುತ್ತ ನೆರೆದ ‘ಗೆಳೆಯರ ಗುಂಪು’ ಇದಕ್ಕೆ ಮೇಲಾದ ಪರಿಹಾರವನ್ನು ತೋರಿಸಿಕೊಟ್ಟಿದೆ: ಬರೆದದ್ದನ್ನು ಓದಿ, ಹಾಡಿ, ವಾದಿಸಿ, ಮತ್ತೆ ತಿದ್ದುವ ಒಂದು ಬಳಗ. ಹೊಸದಾಗಿ ಬರೆಯುವವರು ಊರಿನ ಒಬ್ಬ ಗಾಯಕರನ್ನೋ ಶಾಲೆಯ ಸಂಗೀತ ಶಿಕ್ಷಕರನ್ನೋ ಜೊತೆಗಿಟ್ಟುಕೊಂಡು, ತಮ್ಮ ಸಾಲುಗಳನ್ನು ಬೇರೆಯವರ ಬಾಯಲ್ಲಿ ಕೇಳುವ ಅಭ್ಯಾಸ ಮಾಡಿಕೊಂಡರೆ ಹತ್ತು ಪುಸ್ತಕಗಳು ಕಲಿಸದ ಪಾಠ ಸಿಗುತ್ತದೆ.

ಕಾನೂನಿನ ಎರಡು ಸಂಗತಿಗಳನ್ನೂ ತಿಳಿದಿರುವುದು ಒಳ್ಳೆಯದು. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳು, ಕರ್ತವ್ಯಕ್ಕೆ ತೊಂದರೆಯಾಗದಂತೆ ಆಗಾಗ್ಗೆ ಕೈಗೊಳ್ಳುವ ಸಾಹಿತ್ಯ ಮತ್ತು ಕಲೆಯ ಕೆಲಸಕ್ಕೆ ಅವಕಾಶ ಕೊಡುತ್ತವೆ. ಇತರ ನೌಕರರು ತಮ್ಮ ಸಂಸ್ಥೆಯ ನಿಯಮಗಳನ್ನು ನೋಡಿಕೊಳ್ಳಬೇಕು. ಹಾಗೆಯೇ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಾಡಿನ ಸಾಹಿತ್ಯ ಒಂದು ಸ್ವತಂತ್ರ ಕೃತಿ. ಬರೆದವರ ಜೀವಿತಕಾಲವಿಡೀ ಮತ್ತು ಅವರ ನಂತರ 60 ವರ್ಷ ಅದಕ್ಕೆ ರಕ್ಷಣೆಯಿದೆ. 2012ರ ತಿದ್ದುಪಡಿಯು ಚಿತ್ರಗೀತೆಯನ್ನು ಚಿತ್ರಮಂದಿರದ ಹೊರಗೆ ಬಳಸಿದಾಗ ಬರುವ ರಾಯಧನದಲ್ಲಿ ಗೀತಕಾರರಿಗೆ ಪಾಲು ಇರಬೇಕೆಂದು ವಿಧಿಸಿತು. 1969ರಲ್ಲಿ ಸ್ಥಾಪನೆಯಾದ ಐಪಿಆರ್‌ಎಸ್ ಸಂಸ್ಥೆ ಇಂಥ ಹಣವನ್ನು ಸಂಗ್ರಹಿಸಿ ತನ್ನ ಸದಸ್ಯರಿಗೆ ಹಂಚುತ್ತದೆ. ಹೊಟ್ಟೆಪಾಡಿಗಾಗಿ ಬರೆಯದವರಿಗೂ ತಮ್ಮ ಕೃತಿಯ ಮೇಲಿನ ಹಕ್ಕು ಹಕ್ಕೇ. ಪ್ರೀತಿಗಾಗಿ ಬರೆದದ್ದೆಂಬ ಕಾರಣಕ್ಕೆ ಅದನ್ನು ಯಾರೂ ಬಿಟ್ಟುಕೊಡಬೇಕಾಗಿಲ್ಲ.

ಅಂಕೋಲಾ ಸೀಮೆಯ ರೈತರನ್ನೂ ಮುಂಬಯಿಯ ಕಾರ್ಮಿಕರನ್ನೂ ಸಂಘಟಿಸಿ, ಶಾಲೆಗಳನ್ನು ಕಟ್ಟಿ, 1967ರಲ್ಲಿ ಲೋಕಸಭೆಗೂ ಆಯ್ಕೆಯಾದ ದಿನಕರ ದೇಸಾಯಿಯವರು (1909–1982) ಅದೇ ಬಾಳಿನಲ್ಲಿ ಮಕ್ಕಳು ಮರೆಯದ ಪದ್ಯಗಳನ್ನೂ ಸಾವಿರಾರು ಚುಟುಕಗಳನ್ನೂ ಬರೆದರು. ಅವರಿಗಾಗಲಿ ನರಸಿಂಹಸ್ವಾಮಿಯವರಿಗಾಗಲಿ ನಿಸಾರರಿಗಾಗಲಿ ನಿಮ್ಮ ನಿಜವಾದ ಕೆಲಸ ಯಾವುದೆಂದು ಕೇಳುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಒಂದು ಕೆಲಸ ಅವರನ್ನು ಜನರ ನಡುವೆ ನಿಲ್ಲಿಸಿತು, ಇನ್ನೊಂದು ಆ ಜನರಿಗಾಗಿ ಮಾತಾಡಿಸಿತು. ಹೀಗಿರುವಾಗ, ಇಂದು ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ಹೊಲದಲ್ಲೋ ದುಡಿಯುತ್ತ ಹಾಡು ಬರೆಯುವ ಯುವಕ ಯುವತಿಯರು ನೌಕರಿ ಬಿಟ್ಟ ಮೇಲೆಯೇ ನಿಜವಾದ ಬರವಣಿಗೆ ಆರಂಭವಾಗುತ್ತದೆಂದು ಕಾಯಬೇಕಾಗಿಲ್ಲ. ತಾವು ದಿನವೂ ಮಾಡುವ ಕೆಲಸದ ಮಾತು, ಜನ, ಲಯಗಳನ್ನೇ ಹಾಡಿಗೆ ತರುವ ಧೈರ್ಯ ಮಾಡಿದರೆ ಸಾಕು. ಆ ಕೆಲಸಗಳಲ್ಲಿ ಬಹುಪಾಲು ಇನ್ನೂ ಕನ್ನಡದ ಹಾಡಿನೊಳಗೆ ಬಂದಿಲ್ಲ, ಅವನ್ನು ಒಳಗಿನಿಂದ ಬಲ್ಲವರ ಹೊರತು ಬೇರೆ ಯಾರೂ ಅವನ್ನು ತರಲಾರರು.